ಬಣ್ಣ ಬೀಳದ ಮೂಲೆ

ನಾನು ಒಂದು ಕಡೆ ಕೂರುವ ಹುಡುಗಿಯಾಗಿರಲಿಲ್ಲ. ಜಾಂಬೋಟಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಎಮ್ಮೆ ಹೊಡೆದುಕೊಂಡು ಹೊರಟರೆ ನಾನೂ ಹಿಂದೆ ಓಡುತ್ತಿದ್ದೆ. ಒಲೆಯಿಂದ ಆರಿಸಿಕೊಂಡ ಇದ್ದಿಲು ಫ್ರಾಕಿನ ಜೇಬಿನಲ್ಲಿರುತ್ತಿತ್ತು. ಬಂಡೆ ಸಿಕ್ಕಲ್ಲೆಲ್ಲ ಎದುರಿನ ಗುಡ್ಡ ಬರೆಯುವುದು. ಮೋಡ ಸರಿದು ಗುಡ್ಡ ಬೇರೆಯಾಗಿ ಕಂಡರೆ ಅಂಗೈಯಿಂದ ಒರೆಸಿ ಮತ್ತೆ ಬರೆಯುವುದು. ಸಂಜೆ ಕಪ್ಪು ಮೋರೆ ಹೊತ್ತು ಬಂದರೆ ಅವ್ವ ಬಚ್ಚಲಲ್ಲಿ ನಿಲ್ಲಿಸಿ ಉಜ್ಜುತ್ತಿದ್ದಳು. ನಿದ್ದೆ ಬರುವಾಗಲೂ ನನ್ನ ಬೆರಳು ಕೌದಿಯ ಮೇಲೆ ಗುಡ್ಡದ ಗೆರೆ ಹುಡುಕುತ್ತಿತ್ತು.

ಖಾನಾಪುರದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮಾಸ್ತರರು ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ ಮಾತಾಡುವವರು. ತಮ್ಮ ಹಳೆಯ ಜಲವರ್ಣದ ಡಬ್ಬಿಯನ್ನು ನನಗೆ ಕೊಟ್ಟು, "ಕೈ ಛಲೋ ಐತಿ ನಿಂದು. ಖರೇ, ಮನಸ್ಸು ನಿಂದ್ರೂದಿಲ್ಲ ನೋಡು" ಎಂದರು. ಅಪ್ಪನನ್ನು ಒಪ್ಪಿಸಿ ಬೆಳಗಾವಿಯ ಕಲಾಶಾಲೆಗೆ ಕಳಿಸಿದವರೂ ಅವರೇ.

ಕಲಿತು ಮುಗಿದ ಮೇಲೆ ಬೆಳಗಾವಿಯಲ್ಲೇ ಡ್ರಾಯಿಂಗ್ ಟೀಚರ್ ಆದೆ. ಮದುವೆಯಾಗಿ ಊರ ಹೊರಗಿನ ಮಚ್ಛೆಗೆ ಬಂದೆ. ನನ್ನ ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಕಿಟಕಿ ತೆರೆದರೆ ತಗಡಿನ ಶೆಡ್ಡುಗಳು. ವಾರವಿಡೀ ಗುಡ್ಡ ಕಾಣದೆ ಚಡಪಡಿಸುತ್ತಿದ್ದೆ. ಭಾನುವಾರ ಸಿಕ್ಕಿದ ಬಸ್ಸು ಹತ್ತಿ ಜಾಂಬೋಟಿಗೋ ಕಣಕುಂಬಿಗೋ ಹೋಗಿ ಬರೆಯುತ್ತಿದ್ದೆ. ತಂದದ್ದರಲ್ಲಿ ಹೆಚ್ಚಿನವನ್ನು ಸೋಮವಾರ ಹರಿದು ಹಾಕುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು. ಮಳೆಗಾಲದಲ್ಲಿ, ನಾಟಿಗೆ ಸ್ವಲ್ಪ ಮುಂಚೆ, ಜಾಂಬೋಟಿಯ ಗದ್ದೆಯೊಂದರ ಅಂಚಿಗೆ ಕೂತು ಬರೆಯುತ್ತಿದ್ದೆ. ಕೆಂಪು ನೀರು, ಅದರಾಚೆ ಸಸಿಮಡಿಯ ಎಳೆ ಹಸಿರು. ಬಲಗಡೆ ಕೆಳಮೂಲೆಯಲ್ಲಿ, ನೀರು ತಡೆಯುವ ಕೆಮ್ಮಣ್ಣಿನ ಬದು ಮಾತ್ರ ಬರೆಯಲು ಉಳಿದಿತ್ತು. ಅಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಓಡಿದೆ. ಮುಂದಿನ ಭಾನುವಾರ ಹೋದಾಗ ನಾಟಿ ಆಗಿಹೋಗಿ ಗದ್ದೆಯ ಗುರುತೇ ಸಿಗಲಿಲ್ಲ. ಮನೆಗೆ ಬಂದು ಎಷ್ಟು ಕಲಸಿದರೂ ಬದುವಿನ ಬಣ್ಣ ಬಾರದೆ ಹಾಳೆಯನ್ನು ಹರಿಯಹೊರಟೆ. ಗಂಡ ಕೈಯಿಂದ ಕಿತ್ತುಕೊಂಡರು. "ಹರೀಬ್ಯಾಡ. ಇರವಲ್ದ್ಯಾಕ." ಕಪಾಟಿನ ಮೇಲೆ ಇಟ್ಟರು.

ಅಲ್ಲಿಗೆ ಅವರು ಸುಮ್ಮನಾಗಿರಲಿಲ್ಲ. ಜರ್ಮನಿಯ ಸಣ್ಣ ಊರೊಂದರಲ್ಲಿ ಬೇರೆ ಬೇರೆ ದೇಶಗಳ ಹೊಲ, ಗುಡ್ಡ, ಹೊಳೆಗಳ ಚಿತ್ರಪ್ರದರ್ಶನ ನಡೆಯುವ ಸುದ್ದಿ ನನ್ನ ಸಹಪಾಠಿಯಿಂದ ತಿಳಿದು, ನನಗೆ ಹೇಳದೆ ಸ್ಟುಡಿಯೋದಲ್ಲಿ ಈ ಗದ್ದೆಯ ಚಿತ್ರದ ಫೋಟೋ ತೆಗೆಸಿ ಕಳಿಸಿದ್ದರು. ಚಿತ್ರ ಆಯ್ಕೆಯಾಯಿತು, ನನಗೂ ಕರೆ ಬಂತು. ನಾನು ಸಂತೋಷಪಡುವುದು ಬಿಟ್ಟು ಸಿಟ್ಟಾದೆ.

"ಅರ್ಧಾ ಚಿತ್ರ ಕಳಿಸೀರಲ್ರೀ! ಮಂದಿ ಏನಂತಾರ?"

"ಪೂರಾ ಆಗಿದ್ದು ಒಂದರ ಉಳಿಸೀಯೇನ, ಕಳಿಸಾಕ?"

ಚಿತ್ರ ಪಾರ್ಸಲ್ಲಿನಲ್ಲಿ ನನಗಿಂತ ಮೊದಲೇ ಹೋಯಿತು. ನಾನು ಬಣ್ಣದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ.

ಪ್ರದರ್ಶನದ ಬಿಳಿ ಗೋಡೆಯ ಮೇಲೆ ಜಾಂಬೋಟಿಯ ಗದ್ದೆ ಗಾಜಿನೊಳಗೆ ಕೂತಿತ್ತು. ಬಂದವರೆಲ್ಲ ಆ ಖಾಲಿ ಮೂಲೆಯ ಮುಂದೆಯೇ ನಿಲ್ಲುತ್ತಿದ್ದರು. ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹೆಂಗಸು ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: "ಈ ಮಂಜು ಎಲ್ಲರಿಗೂ ಬಹಳ ಹಿಡಿಸಿದೆ."

ಮಂಜು! ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: "ಅದು ಮಂಜಲ್ಲ. ಮಳೆ ಬಂತು, ನಾನು ಓಡಿದೆ." ತಮಾಷೆ ಎಂದುಕೊಂಡು ನಕ್ಕರು. ಒಬ್ಬ ಮುದುಕರು ಮಾತ್ರ ನಗಲಿಲ್ಲ. ಚಿಕ್ಕಂದಿನಲ್ಲಿ ಬಿಟ್ಟುಬಂದ ತಮ್ಮ ಊರಿನ ಹೊಲ ಆ ಮೂಲೆಯಲ್ಲಿ ಕಾಣುತ್ತದೆ, ಚಿತ್ರ ತಮಗೇ ಬೇಕು ಎಂದರು.

ಇಡೀ ದಿನ ಆ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಕುರ್ಚಿ ಕೊಟ್ಟರೂ ಕೂರಲಾಗಲಿಲ್ಲ. ಮರುದಿನ ಬೆಳಿಗ್ಗೆ ಆ ಹೆಂಗಸಿಗೆ, "ಚೌಕಟ್ಟು ಬಿಚ್ಚಿಕೊಡಿ, ಮೂಲೆ ಮುಗಿಸಬೇಕು" ಎಂದೆ.

ಅವಳು ಗಾಬರಿಯಾದಳು. "ಅವರಿಗೆ ಬೇಕಾಗಿರುವುದೇ ಆ ಮೂಲೆ. ಯೋಚಿಸಿ."

"ಯೋಚಿಸಿದ್ದೇನೆ."

ಅವಳು ಚಿತ್ರ ಇಳಿಸಿ, ಮೇಜಿನ ಮೇಲೆ ಮಲಗಿಸಿ, ಸ್ಕ್ರೂ ತೆಗೆದಳು. ಅಷ್ಟರಲ್ಲಿ ಮುದುಕರೂ ಬಂದು ನನ್ನ ಬೆನ್ನ ಹಿಂದೆ ನಿಂತರು. ನಾನು ಬಣ್ಣದ ಡಬ್ಬಿ ತೆರೆದೆ. ಮಚ್ಛೆಯ ಮನೆಯಲ್ಲಿ ಎಷ್ಟು ಕಲಸಿದರೂ ಬಾರದ ಆ ಕೆಮ್ಮಣ್ಣಿನ ಬಣ್ಣ ಪರದೇಶದ ನೀರಿನಲ್ಲಿ ಬಂತು. ಬದು ಬಂತು, ಅದರ ಮೇಲೆ ಹುಲ್ಲೂ ಬಂತು. ಕುಂಚ ಕೆಳಗಿಟ್ಟು ಹಿಂದೆ ನೋಡಿದೆ. ಮುದುಕರು ಮೇಜಿನ ಮೇಲೆ ಬಾಗಿ ನೋಡಿ ಮೆಲ್ಲಗೆ ಏನೋ ಅಂದರು.

"ಈಗ ಇದು ನಿಮ್ಮ ಗದ್ದೆ ಆಯಿತು, ಅನ್ನುತ್ತಿದ್ದಾರೆ" ಎಂದಳು ಆ ಹೆಂಗಸು.

ಅವರು ನನ್ನ ಕೈ ಕುಲುಕಿ ಹೊರಟುಹೋದರು. ಚಿತ್ರ ಕೊಳ್ಳಲಿಲ್ಲ. ಬಾಗಿಲವರೆಗೂ ಹೋಗಿ, ತಿರುಗಿ ಬಂದು ಕುಂಚ ತೊಳೆದೆ.

ಊರಿಗೆ ಬಂದು ಹೇಳಿದಾಗ ಗಂಡ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಜರ್ಮನಿಗೆ ಹೋಗಿ ಬದು ಹಾಕಿ ಬಂದಿ ಅನ್ನು!" ಆಮೇಲೆ ತಾವೇ ಮೊಳೆ ಹೊಡೆದು ಚಿತ್ರವನ್ನು ಹೊರಕೋಣೆಯಲ್ಲಿ ತೂಗುಹಾಕಿದರು.

ಈಗಲೂ ಅದರ ಮುಂದೆ ಹಾಯುವಾಗ ಕಾಲು ತಡೆಯುತ್ತದೆ. ಒಂದು ದಿನ ಬದು ಇಲ್ಲದಿದ್ದರೆ ಗದ್ದೆಯಲ್ಲಿ ನೀರೇ ನಿಲ್ಲುತ್ತಿರಲಿಲ್ಲ ಅನ್ನಿಸುತ್ತದೆ. ಇನ್ನೊಂದು ದಿನ, ಆ ಮುದುಕರಿಗೆ ಅವರ ಹೊಲವನ್ನು ಬಿಟ್ಟುಕೊಡಬೇಕಿತ್ತು ಅನ್ನಿಸುತ್ತದೆ.

"ಸಮಾಧಾನ ಆತಿಲ್ಲೋ?" ಎಂದು ಗಂಡ ಆಗಾಗ ಕೇಳುತ್ತಾರೆ.

"ಇನ್ನೂ ಇಲ್ರೀ" ಅನ್ನುತ್ತೇನೆ.