ದೇವದುರ್ಗದ ಗಿಡಕ್ಕೆ ಕಲ್ಲೂರಿನ ಚೀಟಿ

ಮಲ್ಲಮ್ಮ, ನಿನ್ನ ಗಿಡದ ಚೀಟಿ ಬದಲಾದದ್ದು ನನ್ನ ಕೈಯಿಂದ. ನಿನ್ನನ್ನು ಸುಳ್ಳುಗಾತಿ ಎಂದು ಕರೆದ ದಿನವೇ ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಇದನ್ನು ಓದುವ ಉಳಿದವರಿಗೆ ನನ್ನ ಕೆಲಸ ಏನೆಂದು ಹೇಳಬೇಕು. ವಿಶ್ವವಿದ್ಯಾಲಯವೊಂದರ ಜೀವಶಾಸ್ತ್ರ ವಿಭಾಗದಲ್ಲಿ ನಾನು ಪ್ರಯೋಗಾಲಯದ ಸಹಾಯಕಿ. ವಿದ್ಯಾರ್ಥಿಗಳು ಗುಡ್ಡ, ಕೆರೆ ತಿರುಗಿ ತಂದ ಗಿಡಗಳನ್ನು ಹಳೆ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುತ್ತೇನೆ. ದಿನಾ ಒದ್ದೆ ಕಾಗದ ತೆಗೆದು ಒಣ ಕಾಗದ ಇಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು, ಎಲ್ಲಿ ಸಿಕ್ಕಿತು, ಯಾರು ತಂದರು ಎಂದು ಬರೆದು ಕಪಾಟಿಗೆ ಸೇರಿಸುತ್ತೇನೆ. ಪ್ರತಿ ಗಿಡದ ದಂಟಿಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ, ಚೀಟಿಯ ಮೇಲೆ ಒಂದು ನಂಬರು. ಆ ನಂಬರಿನ ಎದುರು ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಊರು ಮತ್ತು ಜಾಗ ಇರುತ್ತವೆ. ಚೀಟಿ ತಪ್ಪಿತೆಂದರೆ ಗಿಡದ ಊರೇ ತಪ್ಪಿದಂತೆ.

ಮಲ್ಲಮ್ಮ ಆಗ ಸಂಶೋಧನೆಗೆ ಸೇರಿ ಒಂದು ವರ್ಷವಾಗಿತ್ತು. ದೇವದುರ್ಗದ ಕಡೆಯ ಕುರಿ ಕಾಯುವ ಮನೆಯ ಹುಡುಗಿ, ಆ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು.

ಆ ಮಳೆಗಾಲದ ಒಂದು ವಾರ ನೀನು ಎರಡು ಕಡೆಯಿಂದ ಗಿಡ ತಂದಿದ್ದೆ — ನಿಮ್ಮೂರ ಗುಡ್ಡದಿಂದ ಒಂದು ಕಟ್ಟು, ಮಾನ್ವಿ ತಾಲೂಕಿನ ಕಲ್ಲೂರಿನ ಕೆರೆದಂಡೆಯಿಂದ ಇನ್ನೊಂದು. ಕಟ್ಟು ಬಿಚ್ಚಿದಾಗ ಎರಡು ಗಿಡಗಳಿಗೆ ಚೀಟಿ ಕಟ್ಟಿರಲಿಲ್ಲ, ನೀನು ಗಿಡದ ಪಕ್ಕ ಸುಮ್ಮನೆ ಇಟ್ಟಿದ್ದೆ. ನಾನು ಎಲ್ಲರೆದುರೇ ಜೋರು ಮಾಡಿದೆ.

"ಇದೇನಬೇ? ಚೀಟಿ ಕಟ್ಟಾಕ ದಾರ ತುಟ್ಟಿ ಆಗ್ಯಾದೇನು? ನಾಳಿ ಹಾರಿ ಹೋದ್ರ ಯಾರು ಜವಾಬ್ದಾರಿ?"

"ಅಕ್ಕಾ, ದಂಟು ಕೂದ್ಲಿನಂಗ ಸಣ್ಣ ಅದ. ಕಟ್ಟಿದ್ರ ಮುರೀತದ. ನೀವ್ ಇರಬೇಕಾದ್ರ ಹ್ಯಾಂಗ್ ಹಾರ್ತಾವ ಬಿಡ್ರಿ."

ಹುಡುಗಿಯರು ನಕ್ಕರು. ನಾನೂ ನಕ್ಕೆ.

ಮರುದಿನ ಕರೆಂಟು ಇರಲಿಲ್ಲ. ಒಣಗಿಸುವ ಪೆಟ್ಟಿಗೆ ತಣ್ಣಗಿತ್ತು. ಸ್ವಲ್ಪ ಬಿಸಿಲು ಬಿತ್ತೆಂದು ಎರಡೂ ಕಟ್ಟುಗಳನ್ನು ಮಾಳಿಗೆಗೆ ಒಯ್ದು ಹರವಿದೆ. ಒಂದೇ ಕಡೆ ಎರಡು ಊರಿನ ಕಟ್ಟು ಬಿಚ್ಚಬಾರದೆಂಬುದು ನಾನೇ ಮಕ್ಕಳಿಗೆ ಹೇಳಿಕೊಡುವ ಪಾಠ. ಗಾಳಿ ಬಂತು. ಕಾಗದದ ಮೇಲೆ ಕಲ್ಲು ಇಟ್ಟಿದ್ದೆ, ಗಿಡಗಳು ಉಳಿದವು — ಆ ಎರಡು ಚೀಟಿ ಮಾತ್ರ ಹಾರಿ ನೀರಿನ ಟ್ಯಾಂಕಿನ ಬುಡಕ್ಕೆ ಹೋಗಿ ಬಿದ್ದವು.

ಕೈಯಲ್ಲಿ ಎರಡು ಚೀಟಿ, ಎದುರಿಗೆ ಎರಡು ಗಿಡ. ಯಾವುದು ಯಾವುದರದೋ ತಿಳಿಯದು. ನೀನು ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದೆ. ಒಂದು ಕೂಗು ಹಾಕಿದ್ದರೆ ಮೇಲೆ ಬಂದು ಹೇಳಿಬಿಡುತ್ತಿದ್ದೆ. ನಾನು ಕೂಗಲಿಲ್ಲ. ನಿನ್ನೆ ತಾನೇ ನಿನ್ನನ್ನು ಬೈದ ಬಾಯಿಯಿಂದ ಇವತ್ತು ನನ್ನಿಂದಲೇ ಹಾರಿದವು ಎನ್ನಬೇಕಿತ್ತು — ಇಷ್ಟೇ, ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಎರಡರಲ್ಲಿ ಒಂದನ್ನು ನೋಡಿ, ಇಷ್ಟು ಮೆತ್ತಗಿನ ಗಿಡ ಕಲ್ಲುಗುಡ್ಡದಲ್ಲಿ ಎಲ್ಲಿ ಬೆಳೆದೀತು, ಇದು ಕೆರೆದಂಡೆಯದೇ ಎಂದುಕೊಂಡೆ. ನಿನ್ನ ಬುಕ್ಕಿನಲ್ಲಿ ನಂಬರು ನೋಡಿ, ಕಲ್ಲೂರಿನ ಚೀಟಿಯನ್ನು ಅದರ ಪಕ್ಕ ಇಟ್ಟೆ.

ನೀನು ಜ್ವರವೆಂದು ಊರಿಗೆ ಹೋದೆ. ಅಷ್ಟರಲ್ಲಿ ಗಿಡ ಹಾಳೆಗೆ ಏರಿತು, ಹಾಳೆ ನಿನ್ನ ಗೈಡ್ ಸರ್ ಟೇಬಲ್ಲಿಗೆ ಹೋಯಿತು. ಅವರು ಭೂತಗನ್ನಡಿ ಇಟ್ಟು ಎರಡು ದಿನ ನೋಡಿ, ಕುರ್ಚಿಯಿಂದ ಎದ್ದೇಬಿಟ್ಟರು. ಜಿಲ್ಲೆಯಲ್ಲಿ ಯಾರೂ ದಾಖಲಿಸಿರದ ಗಿಡ! ವಿಭಾಗದ 'ಸುದ್ದಿ ಮತ್ತು ಸಾಧನೆ' ಪುಟವನ್ನು ಟೈಪ್ ಮಾಡುವವಳೂ ನಾನೇ. ನಿನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ.

ಇನ್ನಷ್ಟು ಮಾದರಿ ಬೇಕೆಂದು ಸರ್ ಜೀಪು ಮಾಡಿಕೊಂಡು ಕಲ್ಲೂರಿಗೆ ಹೋದರು. ಇಡೀ ದಿನ ಕೆರೆದಂಡೆ ಹುಡುಕಿದರೂ ಒಂದು ಗಿಡ ಸಿಗಲಿಲ್ಲ. ನೀನು ಊರಿಂದ ಬಂದವಳೇ ಹಾಳೆ ನೋಡಿ, "ಸರ್, ಇದು ನಮ್ಮೂರ ಗುಡ್ಡದ್ದು. ಚೀಟಿ ಅದಲು ಬದಲು ಆಗ್ಯಾದ" ಎಂದೆ. ಗುಡ್ಡಕ್ಕೆ ಹೋಗಿ ನೋಡೋಣವೆಂದರೆ ಮಳೆ ನಿಂತು ಇಪ್ಪತ್ತು ದಿನವಾಗಿತ್ತು. ಅಲ್ಲಿ ಬರೀ ಕಲ್ಲು. ಹೊರಗಿನಿಂದ ತಂದ ಗಿಡಕ್ಕೆ ನಮ್ಮ ಜಿಲ್ಲೆಯ ಹೆಸರು ಹಚ್ಚಿದ್ದಾಳೆಂಬ ಗುಸುಗುಸು ಅಷ್ಟರಲ್ಲೇ ಶುರುವಾಗಿತ್ತು.

"ಬುಕ್ಕಿನ್ಯಾಗ ಒಂದು, ಬಾಯಾಗ ಒಂದು," ಎಂದು ಸರ್ ಸಿಟ್ಟಾದರು. ನನ್ನನ್ನು ಕರೆಸಿದರು. "ನೀವು ಹೇಳ್ರಿ. ನಿಮ್ಮ ಕೈಯಾಗ ಎಂದಾದ್ರೂ ಚೀಟಿ ತಪ್ಪ್ಯಾವೇನ್ರೀ?"

ನೀನು ನನ್ನ ಕಡೆ ನೋಡಿದೆ. ಅನುಮಾನದ ನೋಟವಲ್ಲ ಅದು — ಅಕ್ಕ ಇದ್ದಾಳೆ, ಹೇಳುತ್ತಾಳೆ ಎಂಬ ನೋಟ.

"ಇಲ್ರಿ ಸರ್," ಎಂದೆ. "ಬಂದಂಗ ಇಟ್ಟೀನಿ."

ಆ ತಿಂಗಳು ನನ್ನ ಕೆಲಸದ ಗುತ್ತಿಗೆ ಮುಂದುವರಿಯಬೇಕಿತ್ತು. ಅದನ್ನು ಹೇಳಿ ತಪ್ಪಿಸಿಕೊಳ್ಳಲು ಬಹಳ ಸಲ ನೋಡಿದ್ದೇನೆ. ಖರೆ ಹೇಳಬೇಕೆಂದರೆ ಗುತ್ತಿಗೆಯ ನೆನಪೇ ಆಗ ಬರಲಿಲ್ಲ. ಹೊರಗಿನವರು ಬಂದರೆ ಸರ್ ಕಪಾಟು ತೆಗೆದು ನನ್ನ ಹಾಳೆಗಳನ್ನು ತೋರಿಸುತ್ತಿದ್ದರು. ಎಂದೂ ತಪ್ಪದವಳೆಂಬ ಆ ಹೆಸರು ನನಗೆ ಬೇಕಾಗಿತ್ತು.

ಸಾಧನೆಯ ಪುಟದಿಂದ ನಿನ್ನ ಹೆಸರು ತೆಗೆಯಲು ಹೇಳಿದರು. ತೆಗೆದೆ. ಎರಡು ತಿಂಗಳಿಗೆ ನೀನು ಸಂಶೋಧನೆಯನ್ನೇ ಬಿಟ್ಟೆ. ಹಾಸ್ಟೆಲಿನ ಟ್ರಂಕು ಒಯ್ಯಲು ನಿನ್ನ ತಂದೆ ಬಂದಿದ್ದರು, ಹೆಗಲ ಮೇಲೆ ಕರಿ ಕಂಬಳಿ. ಒಳಗೆ ಬರಲು ಸಂಕೋಚಪಟ್ಟು ಪ್ರಯೋಗಾಲಯದ ಬಾಗಿಲಲ್ಲೇ ನಿಂತರು.

"ಯವ್ವಾ, ನನ್ನ ಮಗಳು ಸುಳ್ಳು ಆಡಾಕಿ ಅಲ್ಲ. ಆ ಗಿಡ ನಾನೇ ತೋರ್ಸೀನಿ. ಮಳಿ ಬಿದ್ದ ಮ್ಯಾಲ ಹದಿನೈದು ದಿನ ಇರ್ತದ, ಕಲ್ಲಿನ ಮ್ಯಾಲ. ಕುರಿ ಮೂಸಿ ಬಿಟ್ಟು ಹೋಗ್ತಾವ. ನೀ ಒಂದ್ ಮಾತು ಸಾಹೇಬ್ರಿಗಿ ಹೇಳವ್ವಾ."

ಹೇಳ್ತೀನಿ ಅಂದೆ. ಕುಡಿಯಲು ನೀರು ಕೊಟ್ಟೆ. ಅವರು ಟ್ರಂಕು ಹೊತ್ತು ಹೋದರು. ನಾನು ಹೇಳಲಿಲ್ಲ.

ಹೋದ ತಿಂಗಳು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದೆ. "ಅಕ್ಕಾ! ಅರಾಮ ಅದೀರಿ? ಕೂದ್ಲೆಲ್ಲಾ ಬೆಳ್ಳಗ ಮಾಡ್ಕೊಂಡೀರಲ್ರೀ!" ನೀನೇ ಚಹಾ ಕುಡಿಸಿದೆ. ಕುರ್ಡಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಎಂದೆ, ತಂದೆ ತೀರಿಹೋಗಿ ಮೂರು ವರ್ಷ ಎಂದೆ. ಆಮೇಲೆ, ನಾನು ಕೇಳದಿದ್ದರೂ — "ಆ ಗಿಡದ್ದು ನಂದೇ ತಪ್ಪು ಇರಬೇಕು ಬಿಡ್ರಿ ಅಕ್ಕಾ. ಜ್ವರದಾಗ ನಂಬರ್ ಹೆಚ್ಚು ಕಡಿಮಿ ಬರದಿರ್ತೀನಿ. ಈಗೂ ಒಮ್ಮೊಮ್ಮಿ ಬೋರ್ಡಿನ ಮ್ಯಾಲ ಬರದು ಎರಡೆರಡು ಸಲ ನೋಡ್ತೀನಿ, ನನ್ನ ಮ್ಯಾಲ ನನಗೇ ನಂಬಿಕಿ ಇಲ್ಲ."

ನಿನ್ನ ಪದವಿ ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಿನ್ನ ಕಣ್ಣನ್ನೇ ನೀನು ನಂಬದ ಹಾಗೆ ನಾನು ಮಾಡಿಟ್ಟಿದ್ದೆ. ಆಗಲಾದರೂ ಹೇಳಬೇಕಿತ್ತು — ರಾಯಚೂರಿನ ಬಸ್ಸು ಬಂತು, ಹತ್ತಿಬಿಟ್ಟೆ.

ಈ ಮಳೆಗಾಲ ಎಂ.ಎಸ್ಸಿ. ಓದುವ ಇಬ್ಬರು ಹುಡುಗರು ದೇವದುರ್ಗದ ಕಡೆಯ ಗುಡ್ಡದಲ್ಲಿ ಅದೇ ಗಿಡ ಕಂಡರು. ವಿಭಾಗದಲ್ಲಿ ಪೇಢೆ ಹಂಚಿದರು. 'ಜಿಲ್ಲೆಯಲ್ಲಿ ಮೊದಲ ಬಾರಿಗೆ ಪತ್ತೆ' — ಸಾಧನೆಯ ಪುಟಕ್ಕೆಂದು ಆ ಸಾಲು ನನ್ನ ಟೇಬಲ್ಲಿಗೆ ಬಂತು. ಕೀಲಿಮಣೆಯ ಮೇಲೆ ಕೈ ಇಟ್ಟೆ, ಆಗಲಿಲ್ಲ. ಈಗಿನ ಮುಖ್ಯಸ್ಥೆ ಮೇಡಂ ಹತ್ತಿರ ಹೋಗಿ ನಿಂತು ಎಲ್ಲ ಹೇಳಿದೆ.

"ಇಷ್ಟು ವರ್ಷ ಆದ ಮ್ಯಾಲ ಈಗ್ಯಾಕ್ರೀ ಇದು? ನಿಮ್ಮ ಕೆಲಸಕ್ಕ ಕುತ್ತು ಬರ್ತದ, ವಿಚಾರ ಮಾಡ್ರಿ."

"ಮಾಡೀನ್ರಿ ಮೇಡಂ. ಹುಡುಗ್ರ ಹೆಸರು ಬರಲಿ. 'ಮೊದಲ ಬಾರಿಗೆ' ಅಂಬೋದು ಮಾತ್ರ ನಾ ಟೈಪ್ ಮಾಡಂಗಿಲ್ಲ."

ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಅವರೆದುರೇ ಕಪಾಟು ತೆಗೆದು ನಿನ್ನ ಆ ಹಾಳೆ ಹೊರಗೆ ತಂದೆ. ನಮ್ಮಲ್ಲಿ ತಪ್ಪು ಬರಹವನ್ನು ಹರಿಯುವಂತಿಲ್ಲ, ಅಳಿಸುವಂತಿಲ್ಲ. ಅದನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಹೊಸ ಕಾಗದ ಅಂಟಿಸಿ, ತಿದ್ದಿದವರು ಹೆಸರು ಹಾಕಬೇಕು. ಗುಡ್ಡದ ಹೆಸರು ಬರೆದೆ. ತೋರಿಸಿದವರು ಎಂದು ನಿನ್ನ ತಂದೆಯ ಹೆಸರು ಬರೆದೆ, ತಂದವಳು ಎಂದು ನಿನ್ನ ಹೆಸರು. ಅದರ ಕೆಳಗೆ, ಚೀಟಿ ತಪ್ಪಿಸಿ ಸುಳ್ಳು ಹೇಳಿದವಳು ಎಂದು ನನ್ನ ಹೆಸರು ಬರೆದು ಸಹಿ ಮಾಡಿದೆ. ಹೀಗೆಲ್ಲ ಬರೆಯುವ ಪದ್ಧತಿ ಇಲ್ಲ ಎಂದರು ಮೇಡಂ. ಆದರೂ ಆ ಕಾಗದ ಕೀಳಲಿಲ್ಲ.

ಮುಂದೆ ಏನಾಗುತ್ತದೋ ತಿಳಿಯದು. ಭಾನುವಾರ ಕುರ್ಡಿಗೆ ಬರುತ್ತೇನೆ, ವಿಭಾಗದಲ್ಲೇ ಉಳಿದ ನಿನ್ನ ಆ ಹಳೆಯ ನೋಟ್‌ಬುಕ್ ತರುತ್ತೇನೆ. ಅದನ್ನು ಬಿಚ್ಚಿ, ಒಂದೊಂದೇ ನಂಬರು ನಿನ್ನ ಎದುರು ಓದುತ್ತೇನೆ — ಅದರಲ್ಲಿ ಒಂದೂ ತಪ್ಪಿಲ್ಲ ಎಂಬುದನ್ನು ನೀನೇ ನೋಡಿಕೊಳ್ಳುವವರೆಗೆ. ಕ್ಷಮಿಸು ಎಂದು ಕೇಳುವುದಿಲ್ಲ.