ಎರಡ್ಸಲದಕ್ಕ ಕಾದಿಟ್ಟ ಚೀಲ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ರಕ್ತನಿಧಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು, ಬೆರಳುದ್ದದ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ತಳದ ಕೆಂಪು ಹೊಗೆಯಂತೆ ಎದ್ದು ಕರಗಿದರೆ ಸರಿ. ಒಡೆದ ಹಾಲಿನಂತೆ ಗಂಟುಗಂಟಾಗಿ ಎದ್ದರೆ ಆ ರಕ್ತ ಕೊಡುವಂತಿಲ್ಲ. ಹೊಗೆಯಂತೆಯೇ ಏಳುತ್ತದೆ. ಅವರು ಅದನ್ನು ಪಕ್ಕಕ್ಕಿಟ್ಟು, ಇನ್ನೊಂದು ಕೊಳವೆ ತೆಗೆದುಕೊಂಡು ಅದೇ ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ.

"ಒಂದ್ಸಲ ಸರಿ ಬಂದ್ರೆ ಅದೃಷ್ಟ ಅನ್ನಿ. ಎರಡ್ಸಲ ಬಂದ್ರೆ ಮಾತ್ರ ನಂಬ್ತೀನಿ."

ಈ ಲ್ಯಾಬ್ ಟೆಕ್ನಿಷಿಯನ್ನರ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಆಯಾಗಳಿಂದ ಹಿಡಿದು ಹೆರಿಗೆ ವಾರ್ಡಿನ ಹಿರಿಯ ಡಾಕ್ಟರಮ್ಮನವರೆಗೆ ಎಲ್ಲರ ಬಾಯಲ್ಲೂ ಅವರು 'ಎರಡ್ಸಲದಕ್ಕ'. ಮನೆಯಲ್ಲೂ ಬಿಡುಗಡೆಯಿಲ್ಲ. "ಉಪ್ಪು ಹಾಕಿದೀನಿ ಅಂತ ಕೈ ಮುಗಿದು ಹೇಳಿದ್ರೂ ಅಮ್ಮ ಎರಡ್ಸಲ ಚಮಚ ಅದ್ದುತ್ತಾಳೆ" ಎಂದು ಮಗಳು ಆಡಿಕೊಳ್ಳುತ್ತಾಳೆ.

ಇವತ್ತು ಒಂಬತ್ತಕ್ಕೆ ಮೇಲಿನ ಮಹಡಿಯಲ್ಲಿ ಟೈಲರ್ ಹೆಂಗಸೊಬ್ಬಳಿಗೆ ಸಿಸೇರಿಯನ್. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ. ರಕ್ತ ಹರಿಯತೊಡಗಿದರೆ ನಿಲ್ಲಿಸುವುದು ಕಷ್ಟ. ಆಕೆಯದು ಹತ್ತು ಸಾವಿರಕ್ಕೊಬ್ಬರಲ್ಲಿ ಸಿಗುವ ಗುಂಪು. ಫ್ರಿಜ್ಜಿನಲ್ಲಿ ಎಂಬತ್ತು ಚೀಲಗಳಿದ್ದರೂ ಆಕೆಗೆ ಹೊಂದುವುದು ಎರಡೇ. ಒಂದು ದೂರದ ಆಸ್ಪತ್ರೆಯಿಂದ ಐಸ್ ಪೆಟ್ಟಿಗೆಯಲ್ಲಿ ಬಂದದ್ದು. ಇನ್ನೊಂದು ಆಕೆಯ ಸ್ವಂತ ಅಕ್ಕನದು.

ಈ ಗುಂಪಿನ ಕಷ್ಟವೆಂದರೆ, ಅದು ಓ ಗುಂಪಿನ ವೇಷ ಹಾಕಿಕೊಂಡಿರುತ್ತದೆ. ಅವಸರದ ಪರೀಕ್ಷೆಯಲ್ಲಿ 'ಓ' ಎಂದೇ ಕಾಣುತ್ತದೆ. ಆದರೆ ಓ ರಕ್ತವನ್ನೇ ಕೊಟ್ಟರೆ ಮೈ ತಿರುಗಿ ಬೀಳುತ್ತದೆ. ಆಕೆಯ ರಕ್ತದ ತಿಳಿಯನ್ನು ಓ ರಕ್ತದ ಕಣಗಳ ಜೊತೆ ಬೆರೆಸಿ ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಎಷ್ಟೋ ಕಡೆ ಈ ಎರಡನೆಯ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಎರಡ್ಸಲದಕ್ಕನೂ ಹಾರಿಸಿದ್ದರು. "ಅವತ್ತು ತೊಂಬತ್ತು ಸ್ಯಾಂಪಲ್ ಇತ್ತು. ಮೂರು ತಿಂಗಳ ಬಸುರಿ ಒಬ್ಬಳ ಚೀಟಿ ಮೇಲೆ 'ಓ' ಅಂತ ಬರೆದು ಕಳಿಸ್ದೆ. ಆರು ತಿಂಗಳಾದ ಮೇಲೆ ಹೆರಿಗೆ ಟೇಬಲ್ ಮೇಲೆ ರಕ್ತ ಹರೀತಿದೆ, ನಾನಿಲ್ಲಿ ಒಂದೊಂದೇ ಓ ಚೀಲ ತೆಗೆದು ಹೊಂದಿಸಿ ನೋಡ್ತೀನಿ, ಎಲ್ಲಾ ಗಂಟು. ಏಳು ಚೀಲ. ಏಳೂ ಗಂಟು." ತಾಯಿ ಬದುಕಿದಳು, ಗರ್ಭಕೋಶ ಹೋಯಿತು. "ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಮರೀತಿದ್ನೇನೋ."

ಅಂದಿನಿಂದ ದಿನಕ್ಕೆ ಎಪ್ಪತ್ತು ಕೊಳವೆಗಳು ಬಂದರೆ ಅವರ ಕೈಯಲ್ಲಿ ಅವು ನೂರನಲವತ್ತಾಗುತ್ತವೆ. ಇಷ್ಟು ವರ್ಷಗಳಲ್ಲಿ ಆ ಗುಂಪಿನ ಒಂಬತ್ತು ಬಸುರಿಯರು ಸಿಕ್ಕಿದ್ದಾರೆ. ಟೈಲರ್ ಹೆಂಗಸು ಒಂಬತ್ತನೆಯವಳು.

ನಾಲ್ಕನೇ ತಿಂಗಳಲ್ಲೇ ಗುಟ್ಟು ಹೊರಬಿದ್ದದ್ದರಿಂದ ಕೈಯಲ್ಲಿ ಸಮಯವಿತ್ತು. ಡಾಕ್ಟರಮ್ಮ ಕಬ್ಬಿಣದ ಮಾತ್ರೆ, ಚುಚ್ಚುಮದ್ದು ಕೊಟ್ಟು ಆಕೆಯ ರಕ್ತದ ಹಿಮೋಗ್ಲೋಬಿನ್ ಮಟ್ಟವನ್ನೇ ಒಂಬತ್ತರಿಂದ ಹನ್ನೊಂದೂವರೆಗೆ ಏರಿಸಿದರು. ಹೊಂದುವ ರಕ್ತ ಹುಡುಕುವ ಕೆಲಸ ಎರಡ್ಸಲದಕ್ಕನ ಪಾಲಿಗೆ ಬಂತು. ಮೊದಲು ಹುಡುಕಬೇಕಾದದ್ದು ಒಡಹುಟ್ಟಿದವರಲ್ಲೇ.

"ಒಬ್ಬಳು ಅಕ್ಕ ಇದ್ದಾಳೆ. ಆರು ವರ್ಷದಿಂದ ಮಾತಿಲ್ಲ" ಎಂದಳಂತೆ ಟೈಲರ್. ಅಮ್ಮ ಸತ್ತ ಮೇಲೆ ಅಮ್ಮನ ಹೊಲಿಗೆ ಮಷೀನು ಯಾರಿಗೆ ಎನ್ನುವಲ್ಲಿ ಇಬ್ಬರ ಮನಸ್ಸು ಮುರಿದಿತ್ತು.

"ಮಾತು ಬೇಡಮ್ಮ, ನಂಬರ್ ಸಾಕು" ಎಂದರು ಇವರು.

ಅಕ್ಕನ ರಕ್ತ ಹೊಂದಿತು. ಆದರೆ ಯಾವಾಗ ತೆಗೆಯುವುದು? ತೆಗೆದ ರಕ್ತದ ಬಾಳು ಮೂವತ್ತೈದು ದಿನ. ಬೇಗ ತೆಗೆದರೆ ಹೆರಿಗೆಗೆ ಮುಂಚೆ ಕೆಡುತ್ತದೆ. ಮತ್ತೆ ತೆಗೆಯಲು ನಾಲ್ಕು ತಿಂಗಳು ಕಾಯಬೇಕು. ತಡಮಾಡಿದರೆ ನೋವೇ ಮುಂಚೆ ಬಂದೀತು. ಎರಡ್ಸಲದಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು ಪೆನ್ಸಿಲ್ಲಿನಿಂದ. "ಮಗು ಏನ್ ಕ್ಯಾಲೆಂಡರ್ ನೋಡ್ಕೊಂಡು ಹುಟ್ಟುತ್ತಾ?"

ಹನ್ನೆರಡು ದಿನದ ಹಿಂದೆ ಅಕ್ಕ ಬಂದು ರಕ್ತ ಕೊಟ್ಟಳು. ತಂಗಿ ಎರಡು ಮಹಡಿ ಮೇಲೆಯೇ ಇದ್ದಳು, ಅಕ್ಕ ನೋಡಲು ಹೋಗಲಿಲ್ಲ. ತೋಳಿಗೆ ಹತ್ತಿ ಒತ್ತಿಕೊಂಡು ಹೇಳಿದ್ದಿಷ್ಟು: "ನಾನ್ ಕೊಟ್ಟೆ ಅಂತ ಹೇಳ್ಬೇಡಿ. ಋಣ ಅಂತ ಹೊತ್ಕೊಂಡು ತಿರುಗ್ತಾಳೆ. ಅವಳ ಬುದ್ಧಿ ನಂಗೊತ್ತು."

ಒಂಬತ್ತಾಗುತ್ತದೆ. ಎರಡೂ ಚೀಲಗಳು ಐಸ್ ಪೆಟ್ಟಿಗೆಯಲ್ಲಿ ಮೇಲೆ ಹೋಗುತ್ತವೆ. ಎರಡ್ಸಲದಕ್ಕ ಬೇರೆ ಕೊಳವೆಗಳನ್ನು ಹಿಡಿದು ನಿಂತರೂ ಕಿವಿಯೆಲ್ಲ ಗೋಡೆಯ ಫೋನಿನ ಮೇಲೆ. ಇಂಥ ಹೊತ್ತಿನಲ್ಲಿ ಅವರು ಕೂರುವುದಿಲ್ಲ. ಹತ್ತು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ. ಡಾಕ್ಟರಮ್ಮನ ದನಿ: "ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ. ನಿನ್ನ ಚೀಲ ಮುಟ್ಟಲೇ ಇಲ್ಲ ಕಣೇ, ವಾಪಸ್ ಕಳಿಸ್ತಿದೀನಿ."

ಆಗ ಅವರು ಕುರ್ಚಿ ಎಳೆದುಕೊಳ್ಳುತ್ತಾರೆ.

ಅರ್ಧ ಗಂಟೆಯೊಳಗೆ ಅಕ್ಕನ ಫೋನು. "ಬೇಕಾಯ್ತಾ?"

"ಇಲ್ಲಮ್ಮ. ಹಾಗೇ ಇದೆ."

"ಹಾಗಾದ್ರೆ ಬಂದು ನೋಡ್ಬಹುದಾ? ಈಗ ಬಂದ್ರೆ ಬರೀ ಅಕ್ಕ ಬಂದಂಗಾಗುತ್ತೆ."

ಮಧ್ಯಾಹ್ನ ಅಕ್ಕ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾಳೆ. ಮಗುವಿನ ರಕ್ತದ ಎರಡನೆಯ ಕೊಳವೆಗೆಂದು ಮೇಲೆ ಬಂದ ಎರಡ್ಸಲದಕ್ಕ ಅಲ್ಲೇ ಇದ್ದಾರೆ.

"ಮಷೀನ್ ಇನ್ನೂ ಓಡ್ತಿದೆಯೇನೇ?" ಎನ್ನುತ್ತಾಳೆ ಅಕ್ಕ.

"ನೀನು ಇಷ್ಟು ವರ್ಷ ಹಾಕಿದ ಶಾಪಕ್ಕೂ ನಿಂತಿಲ್ಲ" ಎನ್ನುತ್ತಾಳೆ ತಂಗಿ. ಮಗುವನ್ನು ಅಕ್ಕನ ಕೈಗಿಡುತ್ತಾ, "ಚೀಲ ಯಾರದ್ದು ಅಂತ ನಂಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ನಂಬರ್ ಕೊಟ್ಟವಳೇ ನಾನಲ್ವಾ? ಅವತ್ತಿಂದ ದಿನಾ ಮೆಟ್ಟಿಲ ಕಡೆ ಕಿವಿ ಇಟ್ಟಿದ್ದೆ."

ಎರಡ್ಸಲದಕ್ಕ ಕೊಳವೆ ಜೇಬಿಗಿಟ್ಟುಕೊಂಡು ಕೆಳಗಿಳಿಯುತ್ತಾರೆ. ಮರಳಿ ಬಂದ ಎರಡೂ ಚೀಲಗಳ ಹೊದಿಕೆ, ಸಮಯ, ತಂಪು ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ. ಫ್ರಿಜ್ಜಿನಲ್ಲಿಟ್ಟು ರಿಜಿಸ್ಟರ್ ಬಿಡಿಸುತ್ತಾರೆ. ಅಕ್ಕನ ಚೀಲಕ್ಕೆ ಇನ್ನೂ ಇಪ್ಪತ್ತಮೂರು ದಿನ ಬಾಳಿದೆ. ಬೇರೆಲ್ಲೋ ಬೇಕಾದೀತು.

ಏನಾದರೂ ಆಸೆಯುಂಟೇ ಎಂದರೆ, "ಎಲ್ಲಾ ಬಸುರಿಯರಿಗೂ ಮೊದಲ ಸಲ ಬಂದಾಗಲೇ ಆ ಎರಡನೇ ಪರೀಕ್ಷೆ ಆಗ್ಬೇಕು, ಅಷ್ಟೇ" ಎನ್ನುತ್ತಾರೆ. ಆಮೇಲೆ ಟೈಲರಳ ಸಾಲಿನ ಕೊನೆಯ ಮನೆಯಲ್ಲಿ 'ಬಳಸಿಲ್ಲ' ಎಂದು ಬರೆದು, ಪೆನ್ನಿನ ಮುಚ್ಚಳ ಹಾಕುತ್ತಾರೆ.

"ಇದೊಂದನ್ನ ಮಾತ್ರ ನಾನು ಎರಡ್ಸಲ ನೋಡಲ್ಲ."