ಕಾಲು ಮುರಿದವನಿಗೆ ಹಾರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ರವಿವಾರ ಮುಂಜಾನೆ ಬಸ್ ಸ್ಟ್ಯಾಂಡಿನ ಹತ್ತಿರದ ಕ್ಷೌರದ ಅಂಗಡಿಗೆ ಗಡ್ಡ ಮಾಡಿಸಿಕೊಳ್ಳಲು ಹೋಗುತ್ತಿದ್ದೆ. ಊರಲ್ಲಿ ಬೇರೆ ಅಂಗಡಿಗಳೂ ಇದ್ದವು. ಆದರೆ ಇಲ್ಲಿ ಫುಟ್‌ಬಾಲಿನ ಹುಚ್ಚಿದ್ದವರು ಸೇರುತ್ತಿದ್ದರು. ನಮ್ಮ ಸೀಮೆಯಲ್ಲಿ ಕಬಡ್ಡಿ, ವಾಲಿಬಾಲ್ ಮಾತಾಡುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಫುಟ್‌ಬಾಲ್ ಮಾತಾಡುವವರನ್ನು ಹುಡುಕಿಕೊಂಡು ಹೋಗಬೇಕು. ಹುಡುಕಿಕೊಂಡು ಹೋದದ್ದಕ್ಕೆ ನನಗೆ ಸಿಕ್ಕದ್ದೇನು ಎಂಬುದನ್ನು ಹೇಳುತ್ತೇನೆ.

ಅಲ್ಲಿ ದಿನವೂ ಕೂಡುವವರು ಇಬ್ಬರು. ಒಬ್ಬ ನೌಕರಿಯಿಂದ ನಿವೃತ್ತನಾದ ಕಂಡಕ್ಟರ್. ಇನ್ನೊಬ್ಬ ಬಾಗಲಕೋಟೆಯಿಂದ ಬಂದು ಬಾದಾಮಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶೆಟ್ಟಿ. ಇಬ್ಬರೂ ಜೀವನದಲ್ಲಿ ಒಮ್ಮೆಯೂ ಬಾಲ್ ಒದ್ದವರಲ್ಲ. ಆದರೆ ಹಿಂದಿನ ಕಾಲದ ಆಟಗಾರರ ಬಗ್ಗೆ ಮಾತಾಡತೊಡಗಿದರೆ ತಾವೇ ಒದೆ ಕೊಟ್ಟವರಂತೆ ಎದೆ ಉಬ್ಬಿಸುತ್ತಿದ್ದರು. ಚಂದ ಆಡಿದವರ ಸುದ್ದಿ ಅವರಿಗೆ ಬೇಕಿರಲಿಲ್ಲ. ಅವರಿಗೆ ಬೇಕಾದವರು ಗಟ್ಟಿಗರು.

‘ಆ ಗೋಲ್‌ಕೀಪರ್ ನೆನಪ ಐತೇನು? ಮುಂದಿನ ಹಲ್ಲು ಬಿದ್ದಾವ, ಬಾಯಿ ತುಂಬ ರಕ್ತ. ಸೋಡಾ ಮುಕ್ಕಳಿಸಿ ಉಗುಳಿ ಮತ್ತ ಗೋಲಿನಾಗ ನಿಂತ’ ಎಂದು ಕಂಡಕ್ಟರ್ ಹೇಳಿದರೆ, ಶೆಟ್ಟಿ, ‘ಅದೇನ್ ಬಿಡ್ರಿ, ನಮ್ಮ ಹಾಫ್ ಬ್ಯಾಕ್ ಮುಂಗೈ ಮುರಕೊಂಡು ಟವೆಲ್ ಸುತ್ತಿ ಆಡ್ಯಾನ. ಈಗಿನ ಹುಡುಗೂರು ಉಗುರು ಕಿತ್ರ ದವಾಖಾನಿಗಿ ಓಡ್ತಾವ’ ಅನ್ನುತ್ತಿದ್ದ. ಅಂಗಡಿಯವನು ಕತ್ತರಿ ನಿಲ್ಲಿಸಿ ನಗುತ್ತಿದ್ದ. ಹೊರಗೆ ಮಂಗಗಳು ತಗಡಿನ ಮೇಲೆ ದಡಬಡ ಓಡಾಡುತ್ತಿದ್ದವು. ನಾನೂ ನಗುತ್ತಿದ್ದೆ. ನಾನು ಇಳಕಲ್ಲಿನವನೆಂದು ಅವರಿಗೆ ಗೊತ್ತಿತ್ತು. ನಾನು ಯಾರ ತಮ್ಮನೆಂಬುದು ಗೊತ್ತಿರಲಿಲ್ಲ.

ಒಂದು ರವಿವಾರ, ನನ್ನ ಒಂದು ಕೆನ್ನೆಯ ಸೋಪು ತೆಗೆದು ಇನ್ನೊಂದಕ್ಕೆ ಕತ್ತಿ ಇಡುವ ಹೊತ್ತಿಗೆ, ಶೆಟ್ಟಿ ಬಾಗಲಕೋಟೆಯ ಕ್ಲಬ್ಬಿನಲ್ಲಿ ಎದುರಾಳಿಗಳನ್ನು ತಡೆಯಲು ಹಿಂದೆ ನಿಲ್ಲುತ್ತಿದ್ದ ಬ್ಯಾಕ್ ಒಬ್ಬನ ಕತೆ ತೆಗೆದ.

‘ಹುನಗುಂದದಾಗ ಫೈನಲ್ ಆತಲ್ಲ, ಅವತ್ತು ನಾ ಅಲ್ಲೇ ಗೆರಿ ಮ್ಯಾಲೆ ನಿಂತಿದ್ದೆ. ಇಳಕಲ್ ಹುಡುಗ ಭಾಳ ಹಾರಾಡ್ತಿದ್ದ. ನಮ್ಮಂವ ಹಿಂಗ ಬಂದು ಹಿಂಗ ಕೊಟ್ಟ ನೋಡ್ರಿ. ಕಟ್ ಅಂತು! ಕಬ್ಬು ಮುರಿದಂಗ. ಚಾದಂಗಡಿ ಮಟ ಕೇಳಿಸ್ತು. ಆಮ್ಯಾಲ ಆ ಹುಡುಗ ಆಟದ ಹೆಸರು ಎತ್ತಲಿಲ್ಲಂತ!’

ಕಂಡಕ್ಟರ್ ತೊಡೆ ತಟ್ಟಿ ನಕ್ಕ. ನಾನು ಅಂಗಡಿಯವನ ಕತ್ತಿ ಹಿಡಿದ ಕೈಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತೆ.

‘ಅದು ನಮ್ಮಣ್ಣನ ಕಾಲು’ ಅಂದೆ.

ಅವರು ಗಾಬರಿಯಾಗುತ್ತಾರೆ, ತಪ್ಪಾಯ್ತೆನ್ನುತ್ತಾರೆ ಎಂದು ನಾನು ತಿಳಿದಿದ್ದೆ. ಶೆಟ್ಟಿಯ ಕಣ್ಣು ಅರಳಿದವು.

‘ಹೌದೇನ್ರಿ? ಅಯ್ಯ, ಮೊದಲ ಹೇಳಬಾರದಾ! ಹಂಗಾದ್ರ ನಿಮಗ ಸರಿ ನೆನಪಿರ್ತದ. ನಮ್ಮಂವ ಬಲಕ್ಕಿಂದ ಬಂದನೋ ಎಡಕ್ಕಿಂದ ಬಂದನೋ? ನನಗೂ ಇವರಿಗೂ ಇದರ ಮ್ಯಾಲೆ ಯಾವಾಗಲೂ ಜಗಳ.’

ಅರ್ಧ ಸೋಪಿನ ಮುಖದಲ್ಲೇ ನಾನು ಹೊರಗೆ ಬಂದೆ.

ಆ ಬ್ಯಾಕ್ ಬಂದದ್ದು ಬಲಕ್ಕಿಂದ. ನಾನೂ ಅವತ್ತು ಗೆರೆಯ ಮೇಲೆಯೇ ಇದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಕಾಲೇಜು ಮುಗಿಸಿ ನೌಕರಿ ಹುಡುಕುತ್ತಿದ್ದೆ. ನಮ್ಮ ಕ್ಲಬ್ಬಿನಲ್ಲಿ ಇದ್ದವರೆಲ್ಲ ಇಳಕಲ್ಲಿನ ನೇಕಾರರ ಮಕ್ಕಳು. ಮುಂಜಾನೆಯಿಂದ ಗುಂಡಿಮಗ್ಗದಲ್ಲಿ ಕಾಲು ಗುಂಡಿಗೆ ಇಳಿಬಿಟ್ಟು ಕೂತು ಸೀರೆ ನೇಯ್ದು, ಬಿಸಿಲು ಇಳಿದ ಮೇಲೆ ಮೈದಾನಕ್ಕೆ ಹೋಗುತ್ತಿದ್ದರು. ಅಣ್ಣ ಬಲಗಡೆಯ ಫಾರ್ವರ್ಡ್. ಸಣಕಲ ಮನುಷ್ಯ. ಮಗ್ಗದ ಹಲಗೆ ತುಳಿದು ತುಳಿದು ಬಂದ ಕಾಲು ಅವು, ನಿಂತ ನೆಲದಲ್ಲೇ ದಿಕ್ಕು ಬದಲಿಸುತ್ತಿದ್ದ. ಎದುರಿಗೆ ಬಾಗಲಕೋಟೆಯ ಕ್ಲಬ್ಬು. ಅವರ ಊರಿಗೆ ನಾವು ಹೋಗಲಾರೆವು, ನಮ್ಮ ಊರಿಗೆ ಅವರು ಬರಲಾರರು. ಅಷ್ಟು ದ್ವೇಷವಿತ್ತು. ಹಾಗಾಗಿ ಫೈನಲ್ ಹುನಗುಂದದಲ್ಲಿ ನಡೆಯಿತು, ಬಿರುಕು ಬಿಟ್ಟ ಕಪ್ಪು ಎರೆ ನೆಲದ ಮೇಲೆ.

ಅವರ ಬ್ಯಾಕ್ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಹೊರುವ ಹಮಾಲ. ಕುತ್ತಿಗೆಯೂ ಹೆಗಲೂ ಒಂದೇ ಆಗಿದ್ದವು. ಮೊದಲರ್ಧದಲ್ಲಿ ಅಣ್ಣ ಅವನನ್ನು ದಾಟಿ ಹೋದಾಗ ಅವನು ಎಲ್ಲರಿಗೂ ಕೇಳುವಂತೆ ಹೇಳಿದ: ‘ಮತ್ತೊಮ್ಮಿ ಈ ಕಡಿ ಬಂದ್ರ ಮನಿಗಿ ನಡಕೋತ ಹೋಗೂದಿಲ್ಲ ನೀ.’

ಅಣ್ಣ ನಕ್ಕ. ಮತ್ತೆ ಹೋದ. ಗೋಲು ಹೊಡೆದ. ನಮ್ಮ ಮಂದಿ ಟವೆಲ್ ಹಾರಿಸಿ ಕುಣಿದರು, ಬಾಗಲಕೋಟೆಯವರ ತಾಯಿ ತಂಗಿಯರ ಹೆಸರೆತ್ತಿ ಕೂಗಿದರು. ಅವರೂ ಬಿಡಲಿಲ್ಲ. ದ್ವಿತೀಯಾರ್ಧದಲ್ಲಿ ಅಣ್ಣ ಗೆರೆಯ ಹತ್ತಿರ ಬಾಲ್ ತೆಗೆದುಕೊಂಡು, ತಲೆ ಎತ್ತಿ ನೋಡಿ, ನಡುವಿಗೆ ಕಳಿಸಿದ. ಎಲ್ಲರ ಕಣ್ಣು ಬಾಲಿನ ಹಿಂದೆ ಹೋದವು. ರೆಫರಿಯದೂ. ಆ ಹೊತ್ತಿಗೆ ಅವನು ಬಂದ, ಎರಡೂ ಕಾಲು ಎತ್ತಿ. ಆ ಸಪ್ಪಳದ ಬಗ್ಗೆ ಶೆಟ್ಟಿ ಸುಳ್ಳು ಹೇಳಿರಲಿಲ್ಲ.

ಸೀಟಿ ಊದಲಿಲ್ಲ. ಆಟ ಆ ಕಡೆ ನಡೆದೇ ಇತ್ತು, ಅಣ್ಣ ಈ ಕಡೆ ಎರೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿದ್ದಿದ್ದ. ಆಮೇಲೆ ಕಲ್ಲು ಬಿದ್ದವು, ಅವರ ಬಸ್ಸಿನ ಗಾಜು ಹೋದವು. ನಾನೂ ಎಸೆದೆ, ಗುರಿಯಿಟ್ಟು ಎಸೆದೆ. ಅವನಿಗೆ ತಾಗಲಿಲ್ಲ ಎಂಬುದೇ ನನ್ನ ದುಃಖ. ಚಾದಂಗಡಿಯ ಬೆಂಚಿನ ಮೇಲೆ ಅಣ್ಣನನ್ನು ಮಲಗಿಸಿ, ಬೆಂಚು ಸಮೇತ ಜೀಪಿಗೆ ಹಾಕಿ ಒಯ್ದೆವು. ಫೈನಲ್ ಬಾಗಲಕೋಟೆಯವರ ಪಾಲಾಯಿತು.

ಎಲುಬು ಕೂಡಿತು, ಆದರೆ ಸೊಟ್ಟ ಕೂಡಿತು. ಗುಂಡಿಮಗ್ಗಕ್ಕೆ ಎರಡೂ ಕಾಲು ಬೇಕು. ಅಣ್ಣ ಗುಂಡಿಗೆ ಇಳಿದು ಕೂತು ನೋಡಿದ. ಬಲಗಾಲು ಹಲಗೆಯ ಮೇಲೆ ನಿಲ್ಲಲಿಲ್ಲ. ಮಗ್ಗದ ಮೇಲೆ ಅವನು ಅರ್ಧ ನೇಯ್ದಿದ್ದ ಸೀರೆ ಇತ್ತು. ಉಳಿದರ್ಧವನ್ನು ಓಣಿಯ ಇನ್ನೊಬ್ಬ ಬಂದು ಮುಗಿಸಿದ. ಎಲ್ಲಿ ಅಣ್ಣನ ಕೈ ಮುಗಿದು ಇವನ ಕೈ ಶುರುವಾಯಿತೆಂದು ಅವ್ವ ಬೆರಳಿಟ್ಟು ತೋರಿಸಿದಳು, ಒಳಗೆ ಹೋಗಿ ಅತ್ತಳು. ಅಂದಿನಿಂದ ಅಣ್ಣ ರಾಟೆ ತಿರುವಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಕೂತ, ಮನೆಯ ಹೆಂಗಸರ ಜೊತೆ. ಇಳಕಲ್ಲಿನಲ್ಲಿ ಒಬ್ಬ ಗಂಡಸು ಹಾಗೆ ಕೂತರೆ ಓಣಿಯ ಬಾಯಿ ಸುಮ್ಮನಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ನಮ್ಮ ಕ್ಲಬ್ಬಿನವರೇ ಆಡಿದ ಮಾತು: ‘ಬಾಲ್ ಬಿಡಬೇಕಿತ್ತು ಅಂವ. ಆಸೆಬುರುಕ. ಕಾಲಾಗ ಇಟಗೊಂಡು ಕುಣದ್ರ ಯಾವ ಬ್ಯಾಕ್ ಬಿಡ್ತಾನ?’ ಬಾಲ್ ಬಿಟ್ಟಿದ್ದ ಎಂದು ನಾನು ಕಂಡಕಂಡವರಿಗೆ ಹೇಳಿದೆ. ತಮ್ಮನ ಸಾಕ್ಷಿ ಯಾರಿಗೆ ಬೇಕು? ಅಣ್ಣ ಮೈದಾನದ ಕಡೆಯ ದಾರಿಯನ್ನೇ ಬಿಟ್ಟ.

ಕ್ಷೌರದ ಅಂಗಡಿಯ ಆ ಪ್ರಸಂಗವಾಗಿ ಕೆಲವು ತಿಂಗಳಾದ ಮೇಲೆ ಶೆಟ್ಟಿ ನನ್ನ ಕೋಣೆಗೆ ಬಂದ. ಬಾಗಲಕೋಟೆಯಲ್ಲಿ ಹಳೆಯ ಆಟಗಾರರ ಸತ್ಕಾರ ಇಟ್ಟಿದ್ದಾರಂತೆ. ಆ ಬ್ಯಾಕ್‌ಗೆ ಶಾಲು, ಹಾರ.

‘ನಿಮ್ಮಣ್ಣನ ಕೈಲಿಂದ ಹಾರ ಹಾಕಿಸಿದ್ರ ಭಾಳ ಚಲೋ ಕಾಣ್ತದ ಅಂತ ನಮ್ಮ ವಿಚಾರ’ ಅಂದ.

‘ಹೊರಗ ನಡೀರಿ’ ಅಂದೆ.

‘ಸಿಟ್ಟ್ಯಾಕ್ರಿ? ಸೀರಿ ತರಾಕ ಇಳಕಲ್ಲಿಗೆ ಹೋಗಿದ್ದೆ. ನಿಮ್ಮಣ್ಣನ್ನ ಕೇಳೀನಿ. ಬರ್ತೇನಿ ಅಂದಾರ.’

ನಾನು ನಂಬಲಿಲ್ಲ. ಮುಂದಿನ ಶನಿವಾರವೇ ಇಳಕಲ್ಲಿಗೆ ಹೋಗಿ ಕೇಳಿದೆ. ಅಣ್ಣ ರಾಟೆಯ ಮುಂದೆ ಕೂತಿದ್ದ, ಕೈ ನಿಲ್ಲಿಸಲಿಲ್ಲ.

‘ಹೌದು, ಒಪ್ಪೇನಿ.’

‘ಮಾನ ಐತೇನು ನಿನಗ? ನಿನ್ನ ಕಾಲು ಮುರಿದಂವಗ ಹಾರ ಹಾಕ್ತಿ?’

‘ಅವನ್ನ ಒಂದು ಮಾತು ಕೇಳೂದೈತಿ. ಬರೂದಿದ್ರ ನೀನೂ ಬಾ. ಇಲ್ಲಂದ್ರ ಸುಮ್ಮನಿರು.’

ಹೋದೆ. ಬಾಗಲಕೋಟೆಯ ಮೈದಾನದಲ್ಲಿ ಸಣ್ಣ ಪೆಂಡಾಲು, ಕಿರ್ರೆನ್ನುವ ಮೈಕು, ಕುರ್ಚಿ ಸಾಲದಷ್ಟು ಜನ. ಆ ಮನುಷ್ಯ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತಿದ್ದ. ಬೊಜ್ಜು ಬಂದಿತ್ತು, ಆದರೆ ಕುತ್ತಿಗೆ ಹಾಗೇ ಇತ್ತು. ಒಬ್ಬರಾದ ಮೇಲೆ ಒಬ್ಬರು ಎದ್ದು ಅವನು ಕೆಡವಿದವರ ಕತೆ ಹೇಳಿದರು, ಜನ ನಕ್ಕರು. ಅವನು ಕೂಡ ನಕ್ಕ. ಎಪ್ಪತ್ತರ ದಶಕವೆಂದರೆ ಇವನ ಕಾಲಿನ ಕೆಳಗೆ ಬಿದ್ದ ಮಂದಿಯೇ ಹೊರತು ಬೇರೇನೂ ಆಗಿರಲಿಲ್ಲವೇನೋ ಎಂಬಂತೆ ಮಾತಾಡಿದರು.

ಶೆಟ್ಟಿ ಮೈಕಿನಲ್ಲಿ ಅಣ್ಣನನ್ನು ಕರೆದ. ಅಣ್ಣ ಕುಂಟುತ್ತ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅವನ ಕೈಗೆ ಚೆಂಡುಹೂವಿನ ಹಾರ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಮೈಕಿನ ಹತ್ತಿರ ನಿಂತ.

‘ಹುನಗುಂದದ ಆಟದಾಗ ನೀ ನನ್ನ ಮ್ಯಾಲೆ ಬಂದಾಗ ಬಾಲ್ ನನ್ನ ಹತ್ರ ಇತ್ತೇನು?’

ಜನ ಇನ್ನೇನೋ ತಮಾಷೆಯೆಂದು ಕಿವಿ ಕೊಟ್ಟರು. ಆ ಮನುಷ್ಯ ಶೆಟ್ಟಿಯ ಕಡೆ ನೋಡಿದ, ಆಮೇಲೆ ಅಣ್ಣನ ಕಡೆ.

‘ಇರಲಿಲ್ಲ. ಹೋಗಿತ್ತು.’

‘ಹೋಗಿದ್ದು ನೀ ನೋಡಿದ್ದೇನು?’

‘ನೋಡಿದ್ದೆ. ಮೊದಲ ಹೇಳಿದ್ನಲ್ಲ ನಿನಗ, ಈ ಕಡಿ ಬರಬ್ಯಾಡ ಅಂತ.’

ಚಪ್ಪಾಳೆ ಬಿತ್ತು. ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ, ಬಿಡುವುದೂ ಇಲ್ಲ. ಬಾಲಿಲ್ಲದ ಕಾಲನ್ನು ಬೇಕೆಂದೇ ಮುರಿದೆ ಎಂದು ಒಬ್ಬ ವೇದಿಕೆಯ ಮೇಲೆ ಕೂತು ಹೇಳಿದ್ದಕ್ಕೆ, ಹೆಂಡಿರು ಮಕ್ಕಳಿದ್ದ, ವಿಭೂತಿ ಹಚ್ಚಿಕೊಂಡ ಸಂಭಾವಿತರು ಚಪ್ಪಾಳೆ ತಟ್ಟಿದರು. ‘ಖರೇ ಗಂಡಸು!’ ಎಂದು ಒಬ್ಬ ಕೂಗಿದ. ಶೆಟ್ಟಿಯ ಮುಖದಲ್ಲಿ ಹಬ್ಬವಿತ್ತು. ಅವನಿಗೆ ಹೇಳಿಕೊಂಡು ತಿರುಗಲು ಹೊಸ ಕತೆ ಸಿಕ್ಕಿತ್ತು.

ಅಣ್ಣ ಹಾರವನ್ನು ಮೇಜಿನ ಮೇಲೆ, ನೀರಿನ ತಂಬಿಗೆಯ ಪಕ್ಕ ಇಟ್ಟು ಕೆಳಗಿಳಿದ.

ಆಗ ಚಪ್ಪಾಳೆ ನಿಂತಿತು. ಬೈಗುಳ ಶುರುವಾಯಿತು. ಸತ್ಕಾರ ಕೆಡಿಸಲು ಬಂದವರು, ಇಳಕಲ್ಲಿನವರ ಬುದ್ಧಿಯೇ ಇಷ್ಟು, ಸೋತ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಎಂದೆಲ್ಲ ಕೂಗಿದರು. ‘ಹಾರ ಹಾಕದ ಹೊಂಟಿಯೇನಲೇ ಕುಂಟ?’ ಎಂದು ಆ ಬ್ಯಾಕ್ ಕುರ್ಚಿಯಿಂದಲೇ ಒದರಿದ. ನಾನು ಹತ್ತಿರವಿದ್ದ ಒಬ್ಬನ ಎದೆಗೆ ಕೈ ಹಾಕಿದೆ, ಯಾರೆಂದೂ ನೋಡಲಿಲ್ಲ. ನನ್ನ ಅಂಗಿ ಹರಿಯಿತು, ತುಟಿ ಒಡೆಯಿತು. ಅಣ್ಣ ಗುಂಪಿನಲ್ಲಿ ಕೈ ತೂರಿಸಿ ನನ್ನ ರಟ್ಟೆ ಹಿಡಿದು ಎಳೆದ. ‘ನಡಿ, ಬಸ್ಸು ತಪ್ಪತದ’ ಅಂದ, ಸಂತೆಗೆ ಬಂದವನಂತೆ.

ಹುನಗುಂದ ಹಾಯ್ದು ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹರಿದ ಅಂಗಿಯ ತೋಳಿನಿಂದ ತುಟಿಯ ರಕ್ತ ಒರೆಸಿಕೊಂಡೆ.

‘ನಿನಗ ಸಿಟ್ಟ ಬರಲಿಲ್ಲೇನು?’ ಎಂದು ಕೇಳಿದೆ.

‘ಬಂತು. ಬರಲಾರದ ಏನು? ಅಂವ ಸತ್ರೂ ನಾ ಅತ್ತಕಡಿ ಹಾಯೂದಿಲ್ಲ’ ಅಂದ ಅಣ್ಣ. ‘ಆದ್ರ ಇಷ್ಟು ವರ್ಷ ನನಗ ಒಂದ ಸಂಶಯ ಇತ್ತು. ಮಂದಿ ಹೇಳಿ ಹೇಳಿ, ನಾನ ಬಾಲ್ ಬಿಡಲಿಲ್ಲೇನೋ ಅನ್ನಸ್ತಿತ್ತು. ಬೀಳೂ ಹೊತ್ತಿನದು ನನಗ ಏನೂ ನೆನಪಿಲ್ಲಲ್ಲ. ಬಿಟ್ಟಿದ್ದೆ. ಅವನ ಬಾಯಿಲೆ ಕೇಳಿದೆ, ಸಾಕು.’

‘ನಾ ಹೇಳಿದ್ದೆನಲ್ಲ? ನಾ ಅಲ್ಲೇ ಇದ್ದೆ.’

‘ನೀ ನನ್ನ ತಮ್ಮ’ ಅಂದ.

ಬಾದಾಮಿಗೆ ಮರಳಿದ ಮೇಲೆ ನಾನು ಮತ್ತೆ ಆ ಕ್ಷೌರದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಶೆಟ್ಟಿ ಪೇಟೆಯಲ್ಲಿ ಎದುರಾದಾಗ ನಮಸ್ಕಾರವೆನ್ನುತ್ತಿದ್ದ. ನಾನು ಕೈ ಎತ್ತುತ್ತಿರಲಿಲ್ಲ. ಗಟ್ಟಿ ಆಟಗಾರರ ಕಾಲ ಹೋಯಿತೆಂದು ಯಾರಾದರೂ ಕೊರಗಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೋಗಲಿ ಬಿಡಿ ಅಂಥ ಕಾಲ.

ಅಣ್ಣ ಮಾತ್ರ ಅದೇ ವರ್ಷ ಇಳಕಲ್ಲಿನ ಮೈದಾನಕ್ಕೆ ಹೋಗತೊಡಗಿದ. ಆಡಿಸಲಿಕ್ಕೂ ಅಲ್ಲ, ಕಲಿಸಲಿಕ್ಕೂ ಅಲ್ಲ. ಗೆರೆಯ ಹತ್ತಿರ ಕಲ್ಲಿನ ಮೇಲೆ ಕೂತು ನೋಡಲಿಕ್ಕೆ. ಬಾಲ್ ಹೋದ ಮೇಲೆ ಯಾವನಾದರೂ ಬ್ಯಾಕ್ ಕಾಲು ಎತ್ತಿದನೆಂದರೆ, ಅವನು ನಮ್ಮವನಿರಲಿ ಬೇರೆ ಊರಿನವನಿರಲಿ, ಅಣ್ಣ ಎದ್ದು ನಿಂತು ಅವನ ವಂಶವನ್ನೆಲ್ಲ ಹಿಡಿದು ಬೈಯುತ್ತಿದ್ದ. ರೆಫರಿಗಳು ಅವನನ್ನು ಕಂಡರೆ ಊದಲು ತಡವಾಗಬಾರದೆಂದು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಆಟದ ಹಿಂದೆ ಓಡುತ್ತಿದ್ದರು.